ಸಾಫ್ಟ್‌ವೇರ್ ಕೆಲಸ ಬಿಟ್ಟು ಕಾದಂಬರಿ ಬರೆಯೋಕೆ ಕೂರಬೇಕು ಅಂತಿದ್ದೇನೆ: ಈ ದಾರಿಯಲ್ಲಿ ನಡೆದವರು ಹೇಳಿ

ಬಿಳಿಹಾಳೆ

ನಾನು ಬ್ಯಾಕೆಂಡ್ ಎಂಜಿನಿಯರ್, ಅಂದರೆ ತೆರೆಯ ಹಿಂದೆ ಸರ್ವರ್‌ನಲ್ಲಿ ನಡೆಯುವ ಸಾಫ್ಟ್‌ವೇರ್ ಬರೆಯುವವನು. ಈ ಕೆಲಸದಲ್ಲಿ ಬಹಳ ವರ್ಷ ಆಯಿತು. ಕೆಲಸದ ಮೇಲೆ ಬೇಸರ ಇಲ್ಲ, ತಂಡ ಚೆನ್ನಾಗಿದೆ, ಸಂಬಳವೂ ಚೆನ್ನಾಗಿದೆ. ಆದರೆ ಒಂದು ಕಾದಂಬರಿ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಲ್ಲಿ ಕೆಲವು ಅಧ್ಯಾಯ ಬರೆದಿದ್ದೇನೆ, ಒಂದಕ್ಕೊಂದು ಇನ್ನೂ ಕೂಡಿಲ್ಲ.

ಕಷ್ಟ ಇರೋದು ಆನ್‌ಕಾಲ್ ವಾರದಲ್ಲಿ, ಅಂದರೆ ಸಿಸ್ಟಂ ಕೆಟ್ಟರೆ ಯಾವ ಹೊತ್ತಿನಲ್ಲಾದರೂ ಎದ್ದು ಸರಿಮಾಡಬೇಕಾದ ಸರದಿ ಬಂದಾಗ. ಯಾವ ಹೊತ್ತಿಗೆ ಅಲರ್ಟ್ ಬರುತ್ತದೋ ಗೊತ್ತಿಲ್ಲದೆ ಪಾತ್ರದ ಮನಸ್ಸಿನೊಳಗೆ ಇಳಿಯೋಕೆ ಆಗೋದಿಲ್ಲ. ವಾರ ಕಳೆದು ಫೈಲ್ ತೆರೆದರೆ, ಇದನ್ನು ಬರೆದದ್ದು ಬೇರೆ ಯಾರೋ ಅನ್ನಿಸುತ್ತದೆ. ಮತ್ತೆ ಮೊದಲಿಂದ ಓದಿಕೊಂಡು ಬರಬೇಕು. ಹಿಡಿತ ಸಿಗುವಷ್ಟರಲ್ಲಿ ಸಾಫ್ಟ್‌ವೇರಿನ ಮುಂದಿನ ರಿಲೀಸ್ ಬಂದಿರುತ್ತದೆ.

ಸ್ವತಂತ್ರವಾಗಿಯೇ ಪ್ರಕಟಿಸಬೇಕು ಅಂತ ಆಸೆ. ಹಕ್ಕು ನನ್ನ ಕೈಯಲ್ಲೇ ಇರಬೇಕು, ಯಾವಾಗ ಹೊರಬರಬೇಕು ಅನ್ನೋದೂ ನನ್ನ ತೀರ್ಮಾನ ಆಗಿರಬೇಕು. ಸ್ವಲ್ಪ ಕಾಲ ಸಂಬಳ ಇಲ್ಲದೆ ನಡೆಯುವಷ್ಟು ಉಳಿತಾಯ ಇದೆ. ಈಗಲೇ ರಾಜೀನಾಮೆ ಕೊಡಲಾ? ಪುಸ್ತಕ ಮುಗಿಯಲಿ ಅಂತ ಕಾಯಲಾ? ಬಿಟ್ಟ ಮೇಲಷ್ಟೇ ನಿಮಗೆ ತಿಳಿದದ್ದು ಏನು?

ಎರಡನೇಪುಸ್ತಕ

ನಾನು ಡೇಟಾಬೇಸ್ ಕೆಲಸ ಬಿಟ್ಟು ಬಂದವಳು. ಈಗ ಜೀವನ ನಡೆಯುತ್ತಿರೋದು ಬರವಣಿಗೆಯಿಂದಲೇ. ಹಾಗಾಗಿ ಮೊದಲು ದುಡ್ಡಿನ ವಿಷಯ ಹೇಳುತ್ತೇನೆ. ಅದನ್ನು ಬಿಟ್ಟು ಧೈರ್ಯದ ಮಾತಾಡಿದರೆ ಉಪಯೋಗ ಇಲ್ಲ.

ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ರಾಯಲ್ಟಿಗೆ, ಅಂದರೆ ಮಾರಾಟದಲ್ಲಿ ಲೇಖಕರಿಗೆ ಬರುವ ಪಾಲಿಗೆ, ಈ ಎರಡೂ ಗುಣ ಇಲ್ಲ. ಲೇಖಕರೇ ಪುಸ್ತಕ ಪ್ರಕಟಿಸಿಕೊಳ್ಳುವ ಅಮೆಜಾನ್‌ನ ಸೇವೆ ಕೆಡಿಪಿಯಲ್ಲಿ ಈ ತಿಂಗಳು ಮಾರಾಟವಾದ ಪುಸ್ತಕದ ಹಣ, ತಿಂಗಳು ಮುಗಿದು ಸುಮಾರು 60 ದಿನದ ಮೇಲೆ ಕೈಗೆ ಬರುತ್ತದೆ. ಇ-ಪುಸ್ತಕಕ್ಕೆ ಎರಡು ದರ ಇವೆ: 35% ಮತ್ತು 70%. ಅಮೆರಿಕದ ಅಂಗಡಿಯಲ್ಲಿ 70% ಬೇಕೆಂದರೆ ಬೆಲೆ 2.99 ಡಾಲರ್‌ನಿಂದ 9.99 ಡಾಲರ್ ಒಳಗಿರಬೇಕು. ಅದರಲ್ಲೂ ಫೈಲ್ ಗಾತ್ರಕ್ಕೆ ತಕ್ಕಂತೆ ಡೆಲಿವರಿ ಖರ್ಚು ಕಳೆಯುತ್ತಾರೆ. ಹೊಸಬರು 0.99 ಡಾಲರ್‌ಗೆ ಕೊಟ್ಟರೆ ಓದುಗರು ಬರುತ್ತಾರೆ ಅಂದುಕೊಳ್ಳುತ್ತಾರೆ. ಬರಬಹುದು. ಆದರೆ ಕೈಗೆ ಬರೋದು 35% ಮಾತ್ರ, ಲೆಕ್ಕ ಹಾಕಿ ನೋಡಿ.

ಮುಖ್ಯ ಮಾತು ಇದು. ಮೊದಲ ಪುಸ್ತಕ ಮನೆ ನಡೆಸೋದಿಲ್ಲ. ಅದು ಇಷ್ಟವಾದ ಓದುಗ 'ಇವರದ್ದು ಇನ್ನೇನಿದೆ' ಅಂತ ಹುಡುಕಿದಾಗ ಸಿಗುವ ಎರಡನೇ, ಮೂರನೇ ಪುಸ್ತಕಗಳು ನಡೆಸುತ್ತವೆ. ನನ್ನ ಹಳೆಯ ಪುಸ್ತಕಗಳು ಮತ್ತೆ ಓಡಲು ಶುರುವಾದದ್ದೇ ಹೊಸದು ಬಂದಾಗ. ಆದ್ದರಿಂದ ಉಳಿತಾಯ ಲೆಕ್ಕ ಹಾಕುವಾಗ 'ಒಂದು ಪುಸ್ತಕ ಬರೆಯುವಷ್ಟು ಕಾಲ' ಅಂತ ಹಾಕಬೇಡಿ. ಒಂದು ಪುಸ್ತಕ ಮುಗಿಸಿ, ಅದು ಹೆಚ್ಚು ಮಾರಾಟವಾಗದೆ ಇದ್ದರೂ, ಬೇಜಾರಿಲ್ಲದೆ ಇನ್ನೊಂದಕ್ಕೆ ಕೂರುವಷ್ಟು ಕಾಲ ಅಂತ ಹಾಕಿ. ಸಂಪಾದಕರಿಗೆ, ಮುಖಪುಟಕ್ಕೆ ಬೇಕಾದ ದುಡ್ಡನ್ನು ಮನೆಖರ್ಚಿನ ದುಡ್ಡಿನಿಂದ ಬೇರೆ ತೆಗೆದಿಡಿ. ಒಂದೇ ಖಾತೆಯಲ್ಲಿದ್ದರೆ, ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಸಂಪಾದಕರ ದುಡ್ಡಿಗೆ. ಅಲ್ಲಿ ಉಳಿಸಿದ್ದು ಓದುಗರಿಗೆ ಮೊದಲ ಪುಟದಲ್ಲೇ ಕಾಣುತ್ತದೆ.

ರಾತ್ರಿಪಾಳಿ

ನಾನು ಕೆಲಸ ಬಿಟ್ಟಿಲ್ಲ, ಬಿಡೋದೂ ಇಲ್ಲ. ಎರಡು ಕಾದಂಬರಿ ಬಂದಿವೆ. ನೌಕರಿ ಇದ್ದರೆ ನಿಜವಾದ ಲೇಖಕ ಅಲ್ಲ ಅನ್ನೋ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ.

ಆಂಟನಿ ಟ್ರಾಲಪ್ 1834ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಸೇರಿದವರು, ಬಿಟ್ಟದ್ದು 1867ರಲ್ಲಿ. ಅಷ್ಟು ಹೊತ್ತಿಗೆ ಹೆಸರಾಂತ ಕಾದಂಬರಿಕಾರ ಆಗಿದ್ದರು. ಬೆಳಗ್ಗೆ ಕಚೇರಿಗೆ ಮುಂಚೆ, ಗಡಿಯಾರ ಎದುರಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದರು. ಕಾದಂಬರಿಕಾರ ಕಾಫ್ಕಾ 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿದ್ದರು. ಇಟಲಿಯ ಲೇಖಕ ಪ್ರಿಮೊ ಲೆವಿ ದಶಕಗಳ ಕಾಲ ಬಣ್ಣದ ಕಾರ್ಖಾನೆಯಲ್ಲಿ ರಸಾಯನ ತಜ್ಞರಾಗಿದ್ದರು.

ನಮ್ಮ ಕ್ಷೇತ್ರದವರನ್ನೇ ನೋಡಬೇಕೆಂದರೆ ಆಂಡಿ ವಿಯರ್ ಇದ್ದಾರೆ. ಅವರ ಕತೆಯನ್ನು ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. ಪ್ರೋಗ್ರಾಮರ್ ಒಬ್ಬ ತನ್ನ ವೆಬ್‌ಸೈಟಿನಲ್ಲಿ ಮಂಗಳ ಗ್ರಹದ ಕತೆಯನ್ನು ಕಂತುಗಳಲ್ಲಿ ಹಾಕಿದ, 2011ರಲ್ಲಿ 99 ಸೆಂಟ್‌ಗೆ ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ ಬಂತು, 2014ರಲ್ಲಿ ದೊಡ್ಡ ಪ್ರಕಾಶಕರು ಮತ್ತೆ ತಂದರು, 2015ರಲ್ಲಿ ಸಿನಿಮಾ ಆಯಿತು. ಇದು ಎರಡನೇ ಅರ್ಧ. ಮೊದಲ ಅರ್ಧ ಏನೆಂದರೆ, ಅದಕ್ಕೆ ಬಹಳ ಮುಂಚೆ ಕೆಲಸ ಹೋದಾಗ ಕೈಯಲ್ಲಿದ್ದ ಷೇರಿನ ಹಣದಲ್ಲಿ ಸುಮಾರು ಮೂರು ವರ್ಷ ಪೂರ್ಣಾವಧಿ ಬರೆಯೋಕೆ ಕೂತಿದ್ದರು. ಆಗ ಬರೆದ ಪುಸ್ತಕವನ್ನು ಪ್ರಕಾಶಕರಿಗೆ ತಲುಪಿಸುವ ಏಜೆಂಟ್ ಸಿಗಲಿಲ್ಲ. ಮತ್ತೆ ಪ್ರೋಗ್ರಾಮಿಂಗ್‌ಗೆ ಹೋದರು. ಕೈ ಹಿಡಿದದ್ದು ನೌಕರಿಯ ಜೊತೆಯಲ್ಲಿ, ಬಿಡುವಿನಲ್ಲಿ ಬರೆದ ಕತೆ.

ದಿನಕ್ಕೆ 500 ಪದ, ವರ್ಷದಲ್ಲಿ 200 ದಿನ. ಅಲ್ಲಿಗೆ ಒಂದು ಲಕ್ಷ ಪದ. ಅದು ಒಂದು ದೊಡ್ಡ ಕಾದಂಬರಿ.

ಹಳೆಲಾಗ್

ರಾತ್ರಿಪಾಳಿ ಅವರೇ, ಲೆಕ್ಕ ಸರಿ ಇದೆ, ಆದರೆ ಪ್ರಶ್ನೆ ಸಮಯದ್ದಲ್ಲ. ನಾನೂ ಆನ್‌ಕಾಲ್ ಮಾಡಿದವನೇ. ಅಂಚೆ ಇಲಾಖೆಯ ಕೆಲಸ ಬೆಳಗಿನ ಹೊತ್ತು ಮನೆ ಬಾಗಿಲು ತಟ್ಟುತ್ತಿರಲಿಲ್ಲ. ಕಾಫ್ಕಾ ಕಚೇರಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಮ್ಮದು ಹಾಗಲ್ಲ.

ಇನ್ನೊಂದು ವಿಷಯ. ಡೀಬಗ್ ಮಾಡೋಕೆ, ಅಂದರೆ ಕೋಡಿನ ತಪ್ಪು ಹುಡುಕಿ ಸರಿಮಾಡೋಕೆ, ಬೇಕಾದ ತಲೆಯೇ ಕತೆಗೂ ಬೇಕು. ಹತ್ತು ವಿಷಯ ಒಟ್ಟಿಗೆ ಮನಸ್ಸಲ್ಲಿ ಹಿಡಿದು, ಇಲ್ಲಿ ಎಳೆದರೆ ಅಲ್ಲಿ ಏನಾಗುತ್ತದೆ ಅಂತ ನೋಡುವ ತಲೆ ಅದು. ಸಂಜೆಗೆ ಅದು ಖಾಲಿ. ಕೂತರೆ ವಾಕ್ಯ ಬರುತ್ತದೆ, ಆದರೆ ಕತೆಯ ಒಟ್ಟು ಹಿಡಿತ ಇರೋದಿಲ್ಲ. ನಾನು ಕೈಯಲ್ಲಿ ಬಿಡಿ ಅಧ್ಯಾಯಗಳಷ್ಟೇ ಇದ್ದಾಗಲೇ ಕೆಲಸ ಬಿಟ್ಟೆ. ಬಿಟ್ಟಿದ್ದಕ್ಕೇ ಪುಸ್ತಕ ಮುಗಿಯಿತು, ಇದರಲ್ಲಿ ನನಗೆ ಅನುಮಾನ ಇಲ್ಲ. ಎಲ್ಲರಿಗೂ 'ಕೆಲಸದ ಜೊತೆಗೇ ಬರೀರಿ' ಅನ್ನೋ ಬುದ್ಧಿವಾದ ಹೊಂದೋದಿಲ್ಲ.

ರಾತ್ರಿಪಾಳಿ

ಒಪ್ಪಿದೆ. ಹಾಗಿದ್ದರೆ ಬಿಡಬೇಕಾದದ್ದು ಆನ್‌ಕಾಲ್ ಅಲ್ವಾ? ಇಡೀ ವೃತ್ತಿಯನ್ನೇ ಯಾಕೆ ಬಿಡಬೇಕು? ವಾರಕ್ಕೆ ಮೂರು ದಿನದ ಕರಾರು ಕೆಲಸ, ಡಾಕ್ಯುಮೆಂಟೇಶನ್ ತಂಡ, ಒಳಗಿನ ಟೂಲ್‌ಗಳ ತಂಡ, ಇವೆಲ್ಲ ಇವೆ. ಸಂಬಳ ಕಡಿಮೆ ಆಗಬಹುದು, ಆದರೆ ಬೆಳಗಿನ ತಲೆ ನಮ್ಮದಾಗಿ ಉಳಿಯುತ್ತದೆ. ನಾನು ಮಾಡಿದ್ದೂ ಅದನ್ನೇ. ಈ ನಡುವಿನ ಮೆಟ್ಟಿಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ.

ಕರಡುತಿದ್ದುವಳು

ನಾನು ಕಾದಂಬರಿಗಳ ಸಂಪಾದಕಿ. ತಾಂತ್ರಿಕ ಕ್ಷೇತ್ರದಿಂದ ಬಂದವರ ಹಸ್ತಪ್ರತಿ ನನ್ನ ಮೇಜಿಗೆ ಜಾಸ್ತಿ ಬರುತ್ತವೆ. ಅವರಲ್ಲಿ ನನಗೆ ತುಂಬಾ ಇಷ್ಟವಾದ ಗುಣ, ತಿದ್ದುಪಡಿಗೆ ಮುನಿಸಿಕೊಳ್ಳೋದಿಲ್ಲ. ಕೋಡ್ ರಿವ್ಯೂ, ಅಂದರೆ ತಾವು ಬರೆದ ಕೋಡನ್ನು ಸಹೋದ್ಯೋಗಿಗಳಿಂದ ಪರೀಕ್ಷೆ, ಮಾಡಿಸಿಕೊಂಡು ರೂಢಿ ಇರುತ್ತದೆ. ನಾನು 'ಈ ಅಧ್ಯಾಯ ಬೇಡ' ಅಂದರೆ 'ಯಾಕೆ' ಅಂತ ಕೇಳುತ್ತಾರೆ, ಕಾರಣ ಸರಿಯಾಗಿದ್ದರೆ ತೆಗೆಯುತ್ತಾರೆ. ಇದು ದೊಡ್ಡ ಆಸ್ತಿ.

ಕಷ್ಟ ಬೇರೆ ಕಡೆ ಇದೆ. ಬಿಳಿಹಾಳೆ ಅವರಿಗೆ ಉಪಯೋಗ ಆಗಬಹುದು ಅಂತ ಒಂದು ಮಾದರಿ ಕೊಡುತ್ತೇನೆ. ಇದು ಯಾರ ಹಸ್ತಪ್ರತಿಯೂ ಅಲ್ಲ, ಈಗ ನಾನೇ ಬರೆದದ್ದು. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಅವನು ಸರ್ವರ್ ಕೋಣೆಗೆ ಬಂದ. ಅಲ್ಲಿ ಎರಡು ಸಾಲು ರ‍್ಯಾಕ್‌ಗಳಿದ್ದವು. ಪ್ರತಿಯೊಂದಕ್ಕೂ ಎರಡು ಕಡೆಯಿಂದ ವಿದ್ಯುತ್ ಬರುತ್ತಿತ್ತು, ಒಂದು ಹೋದರೆ ಇನ್ನೊಂದು ನಡೆಸುತ್ತಿತ್ತು. ಪ್ರತಿ ರಾತ್ರಿ ಬ್ಯಾಕಪ್ ಆಗಬೇಕಿತ್ತು. ಆದರೆ ಡಿಸ್ಕ್ ತುಂಬಿದ್ದರಿಂದ ಮಂಗಳವಾರ ಅವನೇ ಅದನ್ನು ನಿಲ್ಲಿಸಿದ್ದ. ಮತ್ತೆ ಶುರು ಮಾಡಲು ಮರೆತಿದ್ದ. ಅದಕ್ಕಾಗಿ ಅವನಿಗೆ ಈಗ ಭಯವಾಯಿತು."

ಎಲ್ಲವೂ ಸರಿಯಾಗಿದೆ. ಕಾರಣ ಇದೆ, ಪರಿಣಾಮ ಇದೆ, ಕ್ರಮವೂ ಇದೆ. ಘಟನೆ ನಡೆದ ಮೇಲೆ ಬರೆಯುವ ವರದಿಗೆ ಇದು ಚೆನ್ನ. ಓದುಗನಿಗೆ ಮಾತ್ರ ಮಾಡೋಕೆ ಏನೂ ಉಳಿದಿಲ್ಲ, ಭಯವನ್ನೂ ನಾವೇ ಹೇಳಿಬಿಟ್ಟಿದ್ದೇವೆ. ಅದೇ ದೃಶ್ಯ ಹೀಗಾದರೆ:

"'ಬ್ಯಾಕಪ್ ಇದೆಯಲ್ಲ?' ಮ್ಯಾನೇಜರ್ ಕೇಳಿದರು.
ಅವನು ಕೀಬೋರ್ಡಿನಿಂದ ಕೈ ತೆಗೆದ. 'ನೋಡ್ತೀನಿ ಸರ್.'
ನೋಡೋಕೆ ಏನೂ ಇರಲಿಲ್ಲ. ಮಂಗಳವಾರ ಅದನ್ನು ನಿಲ್ಲಿಸಿದ್ದು ಅವನೇ."

ರ‍್ಯಾಕ್ ಹೋಯಿತು, ವಿದ್ಯುತ್ ಹೋಯಿತು, ಡಿಸ್ಕ್ ತುಂಬಿದ ಕಾರಣವೂ ಸದ್ಯಕ್ಕೆ ಹೋಯಿತು. ಉಳಿದದ್ದು ಒಂದು ಸುಳ್ಳು. ಈಗ ಓದುಗ ಪುಟ ತಿರುಗಿಸುತ್ತಾನೆ, ಯಾಕೆಂದರೆ ಅವನಿಗೆ ಗೊತ್ತಿರೋದು ಮ್ಯಾನೇಜರ್‌ಗೆ ಗೊತ್ತಿಲ್ಲ. ಎಂಜಿನಿಯರ್‌ಗಳಿಗೆ ಇದು ಯಾಕೆ ಕಷ್ಟ ಅಂದರೆ, ಮಾಹಿತಿ ಮುಚ್ಚಿಡೋದು ಅವರ ವೃತ್ತಿಯಲ್ಲಿ ತಪ್ಪು. ಅಸ್ಪಷ್ಟತೆ ಕಂಡರೆ ತೆಗೆಯಬೇಕು ಅಂತಲೇ ಕಲಿತಿರುತ್ತಾರೆ. ಕತೆಯಲ್ಲಿ ಯಾವುದನ್ನು ಎಷ್ಟು ಹೊತ್ತು ಹೇಳದೆ ಇಡಬೇಕು ಅನ್ನೋದೇ ಅರ್ಧ ಕೆಲಸ.

ಮತ್ತೊಂದು ವಿಷಯ. ಟೆಸ್ಟ್ ಪಾಸಾದರೆ ಕೋಡ್ ಮುಗಿಯಿತು ಅನ್ನಬಹುದು. ಕತೆಗೆ ಅಂಥ ಹಸಿರು ದೀಪ ಇಲ್ಲ. ಮುಗಿಯಿತು ಅಂತ ನೀವೇ ಹೇಳಬೇಕು. ಈ ತೀರ್ಮಾನ ಬರೆದು ಬರೆದೇ ಬರುತ್ತದೆ, ಕೆಲಸ ಬಿಟ್ಟ ಮಾತ್ರಕ್ಕೆ ಬರೋದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕೆಲಸ ಬಿಡುವ ಮುಂಚೆ ಕನಿಷ್ಠ ಒಂದು ಪೂರ್ತಿ ಕರಡು, ಕೊನೆಯ ಅಧ್ಯಾಯ ಸಮೇತ, ಕೈಯಲ್ಲಿರಲಿ. ಕೆಟ್ಟದಾಗಿದ್ದರೂ ಪರವಾಗಿಲ್ಲ. ಮೊದಲ ಮೂವತ್ತು ಪುಟ ಚೆನ್ನಾಗಿ ಬರೆಯುವವರು ತುಂಬಾ ಜನ ಸಿಗುತ್ತಾರೆ. ನಡುವಿನ ಇನ್ನೂರು ಪುಟ ದಾಟಿದವರು ಕಡಿಮೆ.

ಷರತ್ತುಗಳು

ಚಿಕ್ಕದಾಗಿ ಒಂದು ಮಾತು. ರಾಜೀನಾಮೆಗೆ ಮುಂಚೆ ಉದ್ಯೋಗದ ಕರಾರುಪತ್ರ ತೆಗೆದು ಬೌದ್ಧಿಕ ಆಸ್ತಿಯ ಷರತ್ತು ಓದಿ. ಕೆಲವು ಕರಾರುಗಳಲ್ಲಿ 'ನೌಕರಿಯಲ್ಲಿರುವಾಗ ರಚಿಸಿದ ಎಲ್ಲವೂ' ಅನ್ನುವಷ್ಟು ಅಗಲವಾದ ಮಾತು ಇರುತ್ತದೆ. ಕಾದಂಬರಿಗೆ ಅದು ಅನ್ವಯಿಸುತ್ತದೋ ಇಲ್ಲವೋ ಅನ್ನೋದು ಆಯಾ ದೇಶದ ಕಾನೂನು, ಆಯಾ ಕರಾರಿನ ಮೇಲೆ ನಿಂತಿದೆ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಅಥವಾ ಸಂಸ್ಥೆಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ, ಕಂಪನಿಯ ಖಾತೆಯಲ್ಲಿ ಒಂದು ಸಾಲೂ ಬರೆಯಬೇಡಿ. ಕೆಲಸದಲ್ಲಿ ಕಂಡ ಗ್ರಾಹಕರ ವಿವರ, ಒಳಗಿನ ಘಟನೆ ಕತೆಗೆ ಬಂದರೆ ಗೌಪ್ಯತೆಯ ಒಪ್ಪಂದ ಬೇರೆ ಇರುತ್ತದೆ. ಅದು ಕೆಲಸ ಬಿಟ್ಟ ಮೇಲೂ ಮುಂದುವರಿಯಬಹುದು.

ಹಕ್ಕಿನ ಬಗ್ಗೆ ಆಸೆ ಇದೆ ಅಂದಿರಿ, ಒಳ್ಳೆಯದು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಾಗಿಲ್ಲ, ಬರೆದ ಕೂಡಲೇ ಅದು ನಿಮ್ಮದು. ಲೇಖಕರ ಜೀವಿತಾವಧಿ ಮತ್ತು ನಂತರ ಕನಿಷ್ಠ 50 ವರ್ಷ ಇರುತ್ತದೆ, ಎಷ್ಟೋ ಕಡೆ 60 ಅಥವಾ 70. ಅಷ್ಟು ದೀರ್ಘವಾದ ಆಸ್ತಿಯ ಮೇಲೆ ಅವಸರದಲ್ಲಿ ಸಹಿ ಹಾಕಬೇಡಿ. ಆಡಿಯೊ, ಅನುವಾದ, ಚಲನಚಿತ್ರ, ಎಲ್ಲವೂ ಬೇರೆ ಬೇರೆ ಹಕ್ಕುಗಳು.

ಊದುಬಣ್ಣ

ಸ್ವತಂತ್ರ ಅನ್ನೋ ಪದ ಕೇಳಿ ನಮ್ಮವರೆಲ್ಲ ಅಮೆಜಾನ್ ಅನ್ನೋ ಒಂದೇ ಅಂಗಡಿಗೆ ಹೋಗಿ ಕೂರುತ್ತಾರೆ, ಅದರ ಬಗ್ಗೆಯೂ ಮಾತಾಡೋಣ. ಕೆಡಿಪಿಯಲ್ಲೇ ಇರುವ ಕೆಡಿಪಿ ಸೆಲೆಕ್ಟ್ ಅನ್ನೋ ಯೋಜನೆಗೆ ಸೇರಿದರೆ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಮಾರುವಂತಿಲ್ಲ. ಅವಧಿ ಮುಗಿದಾಗ ನೀವಾಗಿ ತೆಗೆಯದಿದ್ದರೆ ತಾನಾಗಿ ಮುಂದುವರಿಯುತ್ತದೆ. ಅದರ ಬದಲಿಗೆ ಕಿಂಡಲ್ ಅನ್‌ಲಿಮಿಟೆಡ್ ಓದುಗರು, ಅಂದರೆ ಚಂದಾ ಕಟ್ಟಿ ಓದುವವರು, ಸಿಗುತ್ತಾರೆ. ಅಲ್ಲಿ 2015ರ ಜುಲೈನಿಂದ ಓದಿದ ಪುಟಗಳ ಲೆಕ್ಕದಲ್ಲಿ ಹಣ. ಬೇರೆಲ್ಲೂ ಮಾರಬಾರದು ಅನ್ನೋ ಕಟ್ಟುಪಾಡು ಮುದ್ರಿತ ಪುಸ್ತಕಕ್ಕೆ ಇಲ್ಲ.

ಸರಣಿ ಬರೆಯುವವರಿಗೆ, ಪತ್ತೇದಾರಿ, ಪ್ರೇಮಕತೆ, ಫ್ಯಾಂಟಸಿಯವರಿಗೆ ಪುಟದ ಲೆಕ್ಕ ಚೆನ್ನಾಗಿ ಕೂಡಿಬರಬಹುದು. ಒಂದೇ ಒಂದು ಚಿಕ್ಕ ಕಾದಂಬರಿ ಬರೆಯುವವರಿಗೆ ಅಷ್ಟು ಅನುಕೂಲ ಇಲ್ಲ. ಏನೇ ಮಾಡಿ, ಓದುಗರ ಇಮೇಲ್ ಪಟ್ಟಿ ಮೊದಲ ದಿನದಿಂದ ನಿಮ್ಮ ಹತ್ತಿರ ಇರಲಿ. ಅಂಗಡಿ ನಿಯಮ ಬದಲಿಸಿದರೂ ಆ ಪಟ್ಟಿಯನ್ನು ಯಾರೂ ಕಿತ್ತುಕೊಳ್ಳೋಕೆ ಆಗೋದಿಲ್ಲ.

ತಾಂತ್ರಿಕ ಭಾಗ ನಿಮಗೆ ಕಷ್ಟವೇ ಆಗೋದಿಲ್ಲ. ಇ-ಪುಸ್ತಕದ ಫೈಲ್ ಆದ ಇಪಬ್ ಅಂದರೆ ವೆಬ್‌ಪುಟದಂಥ ಎಕ್ಸ್‌ಎಚ್‌ಟಿಎಂಎಲ್ ಫೈಲ್‌ಗಳನ್ನು ಕಟ್ಟಿದ ಒಂದು ಜಿಪ್ ಅಷ್ಟೇ. ಆದರೆ ಎಚ್ಚರ ಇರಲಿ. ಮಾರ್ಕ್‌ಡೌನ್, ಪ್ಯಾಂಡಾಕ್, ಗಿಟ್‌ನಂಥ ಉಪಕರಣ ಜೋಡಿಸಿ, ಪುಸ್ತಕದ ಫೈಲ್ ತಾನಾಗಿ ತಯಾರಾಗುವ ವ್ಯವಸ್ಥೆ ಅಂತ ಕಟ್ಟುತ್ತಾ ಕೂತು, ಪುಸ್ತಕವೇ ಬರೆಯದ ಎಂಜಿನಿಯರ್‌ಗಳನ್ನು ನೋಡಿದ್ದೇನೆ. ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ ಅವರಲ್ಲಿ ಕೆಲವರು ನಿಜಕ್ಕೂ ಚೆನ್ನಾಗಿ ಬರೆಯಬಲ್ಲವರು. ಉಪಕರಣ ಯಾವುದಾದರೂ ಒಂದು ಇರಲಿ, ಪುಸ್ತಕ ಮುಗಿಯುವ ತನಕ ಬದಲಿಸಬೇಡಿ.

ಜೊತೆಗಾರ್ತಿ

ನಾನು ಬರೆಯುವವಳಲ್ಲ. ನಮ್ಮ ಯಜಮಾನರು ಕೆಲಸ ಬಿಟ್ಟು ಬರೆಯೋಕೆ ಕೂತರು, ಮನೆಯ ಕಡೆಯಿಂದ ಎರಡು ಮಾತು ಹೇಳಬೇಕು ಅನ್ನಿಸಿತು.

ದುಡ್ಡಿನ ಬಗ್ಗೆ ನಾವು ಮೊದಲೇ ಕೂತು ಮಾತಾಡಿದ್ದೆವು, ಅದು ತೊಂದರೆ ಕೊಡಲಿಲ್ಲ. ಮಾತಾಡದೆ ಬಿಟ್ಟದ್ದು ಹಗಲಿನ ಬಗ್ಗೆ. ಮನೆಯಲ್ಲೇ ಇರುವವರು ಬಿಡುವಾಗಿದ್ದಾರೆ ಅಂತ ಎಲ್ಲರೂ ಅಂದುಕೊಂಡೆವು. ಬಾಗಿಲು ತೆಗೆಯೋದು, ಸಾಮಾನು ತರೋದು, ನೆಂಟರನ್ನು ಮಾತಾಡಿಸೋದು, ಎಲ್ಲ ಅವರ ಮೇಲೆ ಬಿತ್ತು. ಅವರು ಸುಮ್ನೆ ಕಿಟಕಿ ನೋಡುತ್ತಾ ಕೂತಿದ್ದರೆ ಅದೂ ಕೆಲಸ ಅಂತ ನನಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಮಧ್ಯಾಹ್ನದವರೆಗೆ ಅವರು ಆಫೀಸಿನಲ್ಲಿದ್ದಾರೆ, ಫೋನ್ ಮಾಡಬೇಕಾದಷ್ಟು ತುರ್ತಿದ್ದರೆ ಮಾತ್ರ ಬಾಗಿಲು ತಟ್ಟೋದು. ಆಮೇಲೆ ಎಲ್ಲರಿಗೂ ನೆಮ್ಮದಿ.

ಇನ್ನೊಂದು, ಪರಿಚಯದವರು 'ಏನ್ ಮಾಡ್ತಿದ್ದೀರಿ' ಅಂತ ಕೇಳಿದಾಗ ಅವರ ಮುಖ ಸಪ್ಪಗಾಗುತ್ತಿತ್ತು. ಹುದ್ದೆಯ ಹೆಸರು ಹೇಳಿಕೊಂಡು ಇಷ್ಟು ವರ್ಷ ಬದುಕಿದವರು. ಇದಕ್ಕೆ ಮನೆಯವರು ತಯಾರಿರಬೇಕು. 'ಬರೀತಿದ್ದಾರೆ' ಅಂತ ನಾನೇ ಗಟ್ಟಿಯಾಗಿ ಹೇಳೋಕೆ ಶುರು ಮಾಡಿದೆ.

ಎರಡನೇಪುಸ್ತಕ

ಜೊತೆಗಾರ್ತಿ ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಲೆಕ್ಕದಲ್ಲಿ ಇದು ಇರಲೇ ಇಲ್ಲ, ಆದರೆ ಓದಿದ ಕೂಡಲೇ ಹೌದು ಅನ್ನಿಸಿತು. ನೌಕರಿಯಲ್ಲಿ ಯಾರೋ ಒಬ್ಬರು 'ಚೆನ್ನಾಗಿ ಮಾಡಿದೆ' ಅನ್ನುತ್ತಾರೆ, ಒಪ್ಪಿಸಿದ ಕೆಲಸದ ಟಿಕೆಟ್ ಮುಚ್ಚುತ್ತದೆ. ಇಲ್ಲಿ ತಿಂಗಳುಗಟ್ಟಲೆ ಯಾರೂ ಏನೂ ಹೇಳೋದಿಲ್ಲ. ಕರಡನ್ನು ಓದಿ ನಿಜ ಹೇಳುವ ಇಬ್ಬರು ಮೂವರು ಓದುಗರನ್ನು ಬಿಡುವ ಮುಂಚೆಯೇ ಹುಡುಕಿಕೊಳ್ಳಿ. ನೆಂಟರು, ಸಹೋದ್ಯೋಗಿಗಳು ಬೇಡ. ನಿಮ್ಮ ಬಗೆಯ ಕತೆಯನ್ನು ದುಡ್ಡು ಕೊಟ್ಟು ಓದುವವರು ಬೇಕು.

ಹಳೆಲಾಗ್

ನನ್ನ ಮಾತಿಗೆ ಒಂದು ಸೇರಿಸುತ್ತೇನೆ. ಬಿಟ್ಟ ಮೇಲೆ ನಾನು ಬರೆದದ್ದು ದಿನಕ್ಕೆ ಮೂರು ಗಂಟೆಯಷ್ಟೇ. ಎಂಟು ಗಂಟೆ ಕತೆ ಬರೆಯೋಕೆ ನನ್ನಿಂದ ಆಗಲಿಲ್ಲ, ನಾನು ಮಾತಾಡಿಸಿದ ಬರಹಗಾರರಲ್ಲೂ ಹಾಗೆ ಬರೆಯುವವರು ಯಾರೂ ಇರಲಿಲ್ಲ. ಉಳಿದ ಹೊತ್ತು ಮುಖಪುಟ, ಹಿಂಬದಿಯ ಪರಿಚಯದ ಮಾತು, ಜಾಹೀರಾತು, ಲೆಕ್ಕಪತ್ರ. ಇದನ್ನು ನೋಡಿದರೆ ರಾತ್ರಿಪಾಳಿ ಅವರ ಮೂರು ದಿನದ ಕೆಲಸದ ಮಾತು ಸರಿ ಅನ್ನಿಸುತ್ತದೆ. ಆದರೂ ಅಂಥ ಕೆಲಸ ಕೇಳಿದವರಿಗೆಲ್ಲ ಸಿಗೋದಿಲ್ಲ. ಸಿಗದಿದ್ದರೆ ಬಿಡಿ ಅಂತಲೇ ನಾನು ಹೇಳೋದು. ಒಳಗಿರುವ ಪುಸ್ತಕಕ್ಕೂ ವಯಸ್ಸಾಗುತ್ತದೆ.

ಬಿಳಿಹಾಳೆ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಎಲ್ಲವನ್ನೂ ಎರಡು ಸಲ ಓದಿದೆ.

ರಾಜೀನಾಮೆ ಈಗ ಕೊಡುತ್ತಿಲ್ಲ. ಸೋಮವಾರ ಮ್ಯಾನೇಜರ್ ಹತ್ತಿರ ಆನ್‌ಕಾಲ್ ಇಲ್ಲದ ತಂಡಕ್ಕೆ ಹಾಕಿ ಅಂತ ಕೇಳುತ್ತೇನೆ, ವಾರಕ್ಕೆ ನಾಲ್ಕು ದಿನ ಆಗುತ್ತದಾ ಅಂತಲೂ ಕೇಳುತ್ತೇನೆ. ಇಲ್ಲ ಅಂದರೆ ಹಳೆಲಾಗ್ ಅವರ ದಾರಿ ನನಗೆ ತೆರೆದಿದೆ, ಅದಕ್ಕೆ ಹೆದರಿಕೆ ಇಲ್ಲ. ಕರಾರುಪತ್ರ ತೆಗೆದು ನೋಡಿದೆ. ಷರತ್ತು ನಿಜಕ್ಕೂ ಅಗಲವಾಗಿದೆ, ಬರವಣಿಗೆಯಲ್ಲಿ ಒಪ್ಪಿಗೆ ಕೇಳಬೇಕು. ಉಳಿತಾಯವನ್ನು ಎರಡು ಭಾಗ ಮಾಡೋದು ಇವತ್ತೇ ಆಯಿತು.

ಕರಡುತಿದ್ದುವಳು ಅವರೇ, ನೀವು ಕೊಟ್ಟ ಮಾದರಿ ನೋಡಿ ನನ್ನ ಅಧ್ಯಾಯಗಳನ್ನು ತೆರೆದೆ. ಪ್ರತಿ ದೃಶ್ಯದಲ್ಲೂ ವಿವರಣೆ ಮೊದಲು, ಮನುಷ್ಯರು ಆಮೇಲೆ. ಮೊದಲ ಅಧ್ಯಾಯ ಕಳಿಸಿದರೆ ಓದುತ್ತೀರಾ? ನಿಮ್ಮ ದರ ಏನಿದೆಯೋ ಅದನ್ನು ಕೊಡುತ್ತೇನೆ.

ಕರಡುತಿದ್ದುವಳು

ಖಂಡಿತ ಓದುತ್ತೇನೆ, ಆದರೆ ಮೊದಲನೆಯದು ಬೇಡ. ಅದನ್ನು ಎಲ್ಲರೂ ಇಪ್ಪತ್ತು ಸಲ ತಿದ್ದಿರುತ್ತಾರೆ. ಏಳನೆಯದೋ ಎಂಟನೆಯದೋ ಕಳಿಸಿ, ತಿದ್ದದೆ, ಹೇಗಿದೆಯೋ ಹಾಗೆ. ಜೊತೆಗೆ ಕತೆ ಹೇಗೆ ಮುಗಿಯುತ್ತದೆ ಅಂತ ಅರ್ಧ ಪುಟ ಬರೆದಿರಿ. ಅದು ಇನ್ನೂ ಗೊತ್ತಿಲ್ಲ ಅಂದರೆ, ಗೊತ್ತಾದ ಮೇಲೆ ಕಳಿಸಿ.